ಎಸ್‌ಎಸ್‌ಡಿ ಸೂಪರ್, ಆದರೆ ಫೈಲಿನ ಹೆಸರಲ್ಲಿ ಕೋಲನ್ (:) ಇದ್ದರೆ ಒಳಗೆ ಬಿಡಲ್ಲ

ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. 1 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ (ಫೈಲ್ ಇಟ್ಟುಕೊಳ್ಳುವ ಸಣ್ಣ ಡ್ರೈವ್), ಜೇಬಲ್ಲಿದ್ದರೆ ಇದೆ ಅಂತಲೇ ಗೊತ್ತಾಗುವುದಿಲ್ಲ, ದೊಡ್ಡ ದೊಡ್ಡ ವಿಡಿಯೊ ಹಾಕಿದರೂ ಜಾಸ್ತಿ ಬಿಸಿಯಾಗುವುದಿಲ್ಲ, ಸ್ಪೀಡಿನ ಬಗ್ಗೆ ತಕರಾರೇ ಇಲ್ಲ. ಐದನೇ ಸ್ಟಾರ್ ಹೋಗಿದ್ದು ಡಬ್ಬದ ಮೇಲಿನ ಒಂದು ಸಾಲಿನಿಂದ: ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದಕ್ಕೂ ಆಗುತ್ತದಂತೆ.

ಸುಳ್ಳೇನಲ್ಲ. ಡ್ರೈವ್ ಬರುವುದು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿ (ಡ್ರೈವಿನಲ್ಲಿ ಫೈಲ್ ಜೋಡಿಸಿಡುವ ಒಂದು ವಿಧಾನ), ಅದನ್ನು ಮೂರೂ ಓದುತ್ತವೆ, ಬರೆಯುತ್ತವೆ. ಹಳೆಯ ಫ್ಯಾಟ್32 ಫಾರ್ಮ್ಯಾಟ್‌ನ ಹಾಗೆ ಒಂದು ಫೈಲು 4 ಜಿಬಿ ಮೀರಬಾರದು ಅನ್ನುವ ಕಾಟವೂ ಇಲ್ಲ. ಆದರೆ ಲಿನಕ್ಸ್‌ನ ಸ್ವಂತ ಫಾರ್ಮ್ಯಾಟ್ ಎಕ್ಸ್‌ಟಿ4ನಲ್ಲಿ ಸ್ಲ್ಯಾಶ್ (/) ಒಂದು ಬಿಟ್ಟು ಏನು ಬೇಕಾದರೂ ಹೆಸರಿಡಬಹುದು (ನಲ್ ಅಂತ ಕಣ್ಣಿಗೆ ಕಾಣದ ಇನ್ನೊಂದಿದೆ, ಅದನ್ನು ಯಾರು ಟೈಪ್ ಮಾಡ್ತಾರೆ ಬಿಡಿ). ಎಕ್ಸ್‌ಫ್ಯಾಟ್‌ನಲ್ಲಿ \ / : * ? " < > | ಒಂಬತ್ತಕ್ಕೂ ಪ್ರವೇಶವಿಲ್ಲ. "ಮೀಟಿಂಗ್ 10:30" ಅಂತ ಒಂದು ರೆಕಾರ್ಡಿಂಗ್ ಇತ್ತು. ಲಿನಕ್ಸ್‌ನಿಂದ ಫೈಲ್ ಕಾಪಿ ಮಾಡುವ ಆರ್‌ಸಿಂಕ್ ಕಮಾಂಡ್ ಅದರ ಹತ್ತಿರ ಬಂದು "ಇನ್‌ವ್ಯಾಲಿಡ್ ಆರ್ಗ್ಯುಮೆಂಟ್" ಅಂತ ಗೊಣಗಿ, ಮುಂದಿನ ಫೈಲಿಗೆ ಹೋಗಿ, ಕೊನೆಗೆ ಕೋಡ್ 23 (ಕೆಲವು ಫೈಲ್ ಹೋಗಲಿಲ್ಲ) ಅಂತ ಹೇಳಿ ಮುಗಿಸಿತು. ಸಾವಿರಾರು ಸಾಲು ಓಡಿಹೋಗುವಾಗ ಆ ಒಂದು ಸಾಲು ಯಾರ ಕಣ್ಣಿಗೆ ಬೀಳುತ್ತದೆ ಹೇಳಿ? ಸಮಯ ಹಾಕಿ ಹೆಸರಿಡುವ ಸ್ಕ್ರೀನ್‌ಶಾಟ್, ರೆಕಾರ್ಡರ್ ಆ್ಯಪ್‌ಗಳ ಫೈಲೆಲ್ಲ ಹೀಗೇ ಉಳಿದುಬಿಡಬಹುದು.

ಇದಾದರೂ ಎರರ್ ಕೊಡುತ್ತದೆ. ಇಂಗ್ಲಿಷ್ ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸ ಮಾತ್ರ ಇರುವ ಎರಡು ಫೈಲ್ ಒಂದೇ ಫೋಲ್ಡರಿನಲ್ಲಿದ್ದರೆ ಎಕ್ಸ್‌ಫ್ಯಾಟ್‌ಗೆ ಎರಡೂ ಒಂದೇ. ಆರ್‌ಸಿಂಕ್ ಸುಮ್ನೆ ಒಂದರ ಮೇಲೊಂದು ಬರೆದುಬಿಡುತ್ತದೆ, ಒಂದು ಮಾತೂ ಹೇಳುವುದಿಲ್ಲ. ನನಗೆ ನಿಜವಾಗಿ ಭಯ ಆಗುವುದು ಇದಕ್ಕೇ.

ಕನ್ನಡದಲ್ಲಿ ಹೆಸರಿಡುವವರಿಗೆ ಉಲ್ಟಾ ದಾರಿಯಲ್ಲಿ ಇನ್ನೊಂದು ಪೇಚು. ಎಕ್ಸ್‌ಫ್ಯಾಟ್ 255 ಚಿಹ್ನೆ ಎಣಿಸುತ್ತದೆ, ಎಕ್ಸ್‌ಟಿ4 ಎಣಿಸುವುದು 255 ಬೈಟ್. ಲಿನಕ್ಸ್ ಹೆಸರು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಅಂದರೆ 85ಕ್ಕೇ ಜಾಗ ಮುಗಿಯಿತು. ಅದರಲ್ಲೂ "ಕ್ಷ" ನಮ್ಮ ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಕ, ಅರ್ಧಾಕ್ಷರ ಮಾಡುವ ವಿರಾಮ (್), ಷ ಅಂತ ಮೂರು, ಒಟ್ಟು 9 ಬೈಟ್! ಹಾಗಾಗಿ ಎಸ್‌ಎಸ್‌ಡಿಯಲ್ಲಿ ಆರಾಮಾಗಿ ಕೂತಿರುವ ಉದ್ದನೆಯ ಕನ್ನಡ ಹೆಸರು ಲಿನಕ್ಸ್‌ಗೆ ವಾಪಸ್ ಬರುವಾಗ "ಫೈಲ್ ನೇಮ್ ಟೂ ಲಾಂಗ್" ಅನ್ನಿಸಿಕೊಳ್ಳುತ್ತದೆ.

ವಿಂಡೋಸ್‌ನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್‌ಗೆ ಬದಲಾಯಿಸಿದರೆ ಸರಿಹೋಗುತ್ತೆ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಲಿನಕ್ಸ್‌ನ ಎನ್‌ಟಿಎಫ್‌ಎಸ್-3ಜಿ ಡ್ರೈವರ್‌ಗೆ ವಿಂಡೋಸ್-ನೇಮ್ಸ್ (ವಿಂಡೋಸ್ ಒಪ್ಪದ ಹೆಸರು ತಡೆಯುವ) ಆಯ್ಕೆ ಕೊಡದಿದ್ದರೆ ಅದು ಕೋಲನ್ ಇರುವ ಹೆಸರನ್ನೂ ನಗುನಗುತ್ತಾ ಬರೆಯುತ್ತದೆ, ಆಮೇಲೆ ಆ ಫೈಲು ವಿಂಡೋಸ್‌ನಲ್ಲಿ ಕಾಣುತ್ತದೆ ಆದರೆ ತೆರೆಯುವುದಿಲ್ಲ. ಇದಕ್ಕಿಂತ ಎರರ್ ವಾಸಿ ಅಲ್ವಾ?

ನೀವು ಬರೀ ಲಿನಕ್ಸ್ ಬಳಸುವವರಾದರೆ ಡ್ರೈವ್ ಖಾಲಿ ಇರುವಾಗಲೇ ಎಕ್ಸ್‌ಟಿ4 ಮಾಡಿಕೊಳ್ಳಿ. ಬ್ಯಾಕಪ್‌ಗೆ ಅಷ್ಟೇ ಬೇಕಿದ್ದರೆ ಟಾರ್ ಕಮಾಂಡಿನಲ್ಲಿ ಎಲ್ಲ ಸೇರಿಸಿ ಒಂದೇ ಫೈಲಾಗಿ ಹಾಕಿ, ಒಳಗಿನ ಹೆಸರುಗಳು ಹಾಗೇ ಉಳಿಯುತ್ತವೆ, ಪರ್ಮಿಶನ್ (ಯಾರು ಓದಬಹುದು, ಬರೆಯಬಹುದು ಅನ್ನುವುದು) ಕೂಡ. ವಿಂಡೋಸ್‌ನವರಿಗೆ ಕೊಡಬೇಕಾದ ಫೋಲ್ಡರ್ ಆದರೆ ಕಾಪಿಗೆ ಮೊದಲೇ ಫೈಂಡ್ ಕಮಾಂಡಿನಲ್ಲಿ ಆ ಒಂಬತ್ತು ಚಿಹ್ನೆ ಹುಡುಕಿ ಹೆಸರು ಬದಲಾಯಿಸಿ, ಕೋಲನ್ ಜಾಗಕ್ಕೆ ಒಂದು ಹೈಫನ್ ಸಾಕು.