ಗೇಮಿಂಗ್ ಲ್ಯಾಪ್‌ಟಾಪ್‌ಗೆ ಪವರ್‌ಬ್ಯಾಂಕ್ ಸಾಕಾಗುತ್ತಾ? ಆಂಕರ್ 737 ಬಳಸಿದ ಮೇಲೆ ಬರೆದದ್ದು

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸಾಕಾಗುತ್ತದೆ, ಆದರೆ ಲ್ಯಾಪ್‌ಟಾಪ್ ಎಳೆಯುವ ಕರೆಂಟನ್ನು ಮೊದಲು ನೀವು ಇಳಿಸಬೇಕು. ಮನೆಯಲ್ಲಿ ಆಡುವ ಹಾಗೆಯೇ ಎಲ್ಲಾ ಸೆಟ್ಟಿಂಗ್ ಮೇಲಿಟ್ಟುಕೊಂಡು ರೈಲಿನಲ್ಲೂ ಆಡುತ್ತೇನೆ ಅಂದರೆ, ಎಷ್ಟು ದುಡ್ಡಿನ ಪವರ್‌ಬ್ಯಾಂಕ್ ತಂದರೂ ಮುಕ್ಕಾಲು ಗಂಟೆಯಲ್ಲಿ ಖಾಲಿಯಾಗುತ್ತದೆ. ಸೆಟ್ಟಿಂಗ್ ಸರಿಯಾಗಿ ಇಳಿಸಿದರೆ ಅದೇ ಪವರ್‌ಬ್ಯಾಂಕ್ ನಿಮ್ಮ ಆಟದ ಹೊತ್ತನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡುತ್ತದೆ.

ನನ್ನದು ಏಸಸ್ ಜೆಫೈರಸ್ ಜಿ14, 2023ರ ಮಾಡೆಲ್. ಒಳಗೆ 76 ವ್ಯಾಟ್-ಅವರ್ ಬ್ಯಾಟರಿ ಇದೆ, ಜೊತೆಗೆ ಬಂದದ್ದು 240 ವ್ಯಾಟ್‌ನ ದಪ್ಪ ಚಾರ್ಜರ್. ಕೆಲಸ ಬೆಂಗಳೂರಿನಲ್ಲಿ, ಮನೆ ಬೆಳಗಾವಿಯಲ್ಲಿ. ರಾತ್ರಿ ರೈಲಿನಲ್ಲಿ ಸುಮಾರು ಹತ್ತು ಗಂಟೆಯ ದಾರಿ. ಬೋಗಿಯ ಪ್ಲಗ್ ಪಾಯಿಂಟ್ ನಂಬಿಕೊಳ್ಳುವ ಹಾಗಿಲ್ಲ. ಅದರಲ್ಲಿ ಬರುವುದು 110 ವೋಲ್ಟ್, ಮೊಬೈಲ್ ಚಾರ್ಜ್ ಮಾಡಲಿ ಅಂತ ಇಟ್ಟದ್ದು, ಕೆಳಗಿನ ಬರ್ತ್‌ನವರು ಆಗಲೇ ಮೊಬೈಲ್ ಸಿಕ್ಕಿಸಿರುತ್ತಾರೆ. ಮೇಲಾಗಿ ಬೆಂಕಿಯ ಭಯಕ್ಕೆ ರಾತ್ರಿ 11ರಿಂದ ಬೆಳಗಿನ 5ರವರೆಗೆ ಈ ಪಾಯಿಂಟ್‌ಗಳನ್ನು ಬಂದ್ ಮಾಡಬೇಕು ಅಂತ 2021ರಲ್ಲಿ ರೈಲ್ವೆ ಮತ್ತೊಮ್ಮೆ ಸೂಚನೆ ಕೊಟ್ಟಿತು. ಅದು ಸರಿಯಾದ ನಿಯಮವೇ. ಮಲಗಿರುವ ಬೋಗಿಯಲ್ಲಿ ಚಾರ್ಜರ್ ಬಿಸಿಯಾಗಿ ಹೊಗೆ ಬಂದರೆ ಏನಾಗಬಹುದು ಅಂತ ಯೋಚಿಸಿದರೆ ಗೊತ್ತಾಗುತ್ತದೆ.

ಆಂಕರ್ 737 ಅನ್ನು ಅಮೆರಿಕದಲ್ಲಿರುವ ನಮ್ಮ ಅಣ್ಣ ಊರಿಗೆ ಬರುವಾಗ ತಂದುಕೊಟ್ಟ. 2022ರಲ್ಲಿ ಅಲ್ಲಿ ಬಿಡುಗಡೆಯಾದಾಗ ಬೆಲೆ 150 ಡಾಲರ್ ಇತ್ತು. 24,000 ಎಂಎಎಚ್, ಅಂದರೆ 86.4 ವ್ಯಾಟ್-ಅವರ್. ಎರಡು ಟೈಪ್-ಸಿ ಪೋರ್ಟ್, ಒಂದು ಹಳೇ ಯುಎಸ್‌ಬಿ ಪೋರ್ಟ್. ತೂಕ ಅರ್ಧ ಕೆಜಿಗಿಂತ ಜಾಸ್ತಿ, ಬ್ಯಾಗಿನಲ್ಲಿ ಇದ್ದದ್ದು ಗೊತ್ತಾಗುತ್ತದೆ. ಒಂದೇ ಪೋರ್ಟ್‌ನಿಂದ 140 ವ್ಯಾಟ್ ಕೊಡಬಲ್ಲದು, ಅಷ್ಟೇ ವೇಗದಲ್ಲಿ ತಾನೂ ಚಾರ್ಜ್ ಆಗಬಲ್ಲದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದರ ಪುಟ್ಟ ಸ್ಕ್ರೀನ್. ಈ ಕ್ಷಣ ಎಷ್ಟು ವ್ಯಾಟ್ ಹೋಗುತ್ತಿದೆ, ಇನ್ನೆಷ್ಟು ಹೊತ್ತು ಬರುತ್ತದೆ ಅಂತ ಅದರಲ್ಲೇ ಕಾಣುತ್ತದೆ. ಮುಂದೆ ಹೇಳುವುದರಲ್ಲಿ ಬಹಳಷ್ಟನ್ನು ನಾನು ಕಲಿತದ್ದೇ ಆ ಸ್ಕ್ರೀನ್ ನೋಡಿ.

ಎಂಎಎಚ್ ಲೆಕ್ಕ ಬಿಟ್ಟುಬಿಡಿ, ಅದು ಮೊಬೈಲ್‌ಗೆ ಸರಿ. ಲ್ಯಾಪ್‌ಟಾಪ್‌ಗೆ ನೋಡಬೇಕಾದದ್ದು ಎರಡೇ ಸಂಖ್ಯೆ. ಸಂಪಿನಲ್ಲಿ ಎಷ್ಟು ನೀರಿದೆ ಅನ್ನುವುದು ವ್ಯಾಟ್-ಅವರ್, ನಲ್ಲಿ ಎಷ್ಟು ಜೋರಾಗಿ ಬಿಡುತ್ತದೆ ಅನ್ನುವುದು ವ್ಯಾಟ್. ಒಳಗಿನ ಸೆಲ್‌ಗಳು 3.6 ಅಥವಾ 3.7 ವೋಲ್ಟ್‌ನವು, ಲ್ಯಾಪ್‌ಟಾಪ್ ಕೇಳುವುದು 20 ವೋಲ್ಟ್. ಅದನ್ನು ಏರಿಸುವಾಗ ಒಂದಷ್ಟು ಶಾಖವಾಗಿ ಹೋಗುತ್ತದೆ. ಹಾಗಾಗಿ 86.4 ಅಂತ ಬರೆದಿದ್ದರೂ ಕೈಗೆ ಸಿಗುವುದು 70ರ ಆಸುಪಾಸು ಅಂತಲೇ ಲೆಕ್ಕ ಹಾಕಿಕೊಳ್ಳಿ.

ಈಗ ಆಟಕ್ಕೆ ಬರೋಣ. ಜಿ14 ಟೈಪ್-ಸಿ ಮೂಲಕ 100 ವ್ಯಾಟ್ ಮಾತ್ರ ತೆಗೆದುಕೊಳ್ಳುತ್ತದೆ, ಆದ್ದರಿಂದ ಆಂಕರ್ 140 ಕೊಡಲು ತಯಾರಿದ್ದರೂ ನನಗೆ ಸಿಗುವುದು ನೂರೇ. ಎಲ್ಡನ್ ರಿಂಗ್ ಥರದ ಭಾರೀ ಆಟ ಹಾಕಿ ಏನೂ ಇಳಿಸದೆ ಬಿಟ್ಟರೆ ಪವರ್‌ಬ್ಯಾಂಕ್ ಪೂರ್ತಿ ನೂರು ಕೊಡುತ್ತಿರುತ್ತದೆ, ಅದೂ ಸಾಲದೆ ಲ್ಯಾಪ್‌ಟಾಪ್‌ನ ಸ್ವಂತ ಬ್ಯಾಟರಿಯೂ ಜೊತೆಗೆ ಇಳಿಯುತ್ತಿರುತ್ತದೆ. ಚಾರ್ಜಿಗೆ ಹಾಕಿದ್ದೇವೆ, ಆದರೂ ಬ್ಯಾಟರಿ ಇಳಿಯುತ್ತಿದೆ ಅಂತ ತುಂಬಾ ಜನ ಗಾಬರಿಯಾಗುತ್ತಾರೆ. ಅದು ಕೆಟ್ಟಿರುವುದಲ್ಲ, ಕೇಳುವುದು ಜಾಸ್ತಿ, ಬರುವುದು ಕಡಿಮೆ, ಅಷ್ಟೇ. ಲ್ಯಾಪ್‌ಟಾಪ್ ಪೂರ್ತಿ ವೇಗದಲ್ಲಿ ಓಡುವ ಟರ್ಬೊ ಮೋಡ್ ಕೂಡ ಟೈಪ್-ಸಿ ಮೇಲೆ ಸಿಗುವುದಿಲ್ಲ, ಅದಕ್ಕೆ ದಪ್ಪ ಚಾರ್ಜರೇ ಬೇಕು.

ಆದ್ದರಿಂದ ನಾನು ಹೀಗೆ ಮಾಡುತ್ತೇನೆ. ಗ್ರಾಫಿಕ್ಸ್ ಕಾರ್ಡಿನ ಎನ್‌ವಿಡಿಯಾ ಸೆಟ್ಟಿಂಗ್‌ಗೆ ಹೋಗಿ ಫ್ರೇಮ್ ರೇಟನ್ನು, ಅಂದರೆ ಆಟ ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ ಅನ್ನುವುದನ್ನು, ಭಾರೀ ಆಟಕ್ಕೆ 40ಕ್ಕೆ, ಹಗುರ ಆಟಕ್ಕೆ 60ಕ್ಕೆ ಕಟ್ಟಿಹಾಕುತ್ತೇನೆ. ಇದನ್ನು ಕೈಯಾರೆ ಮಾಡಲೇಬೇಕು, ಯಾಕೆಂದರೆ ಪವರ್‌ಬ್ಯಾಂಕ್ ಸಿಕ್ಕಿಸಿದಾಗ ಲ್ಯಾಪ್‌ಟಾಪ್ ತಾನು ಚಾರ್ಜರ್ ಮೇಲೇ ಇದ್ದೇನೆ ಅಂದುಕೊಳ್ಳುತ್ತದೆ, ಬ್ಯಾಟರಿ ಉಳಿಸುವ ಬ್ಯಾಟರಿ ಬೂಸ್ಟ್ ಕೆಲಸ ಮಾಡುವುದಿಲ್ಲ. ಸ್ಕ್ರೀನ್ ಬೆಳಕು ಅರ್ಧ, ರಿಫ್ರೆಶ್ ರೇಟ್ 60. ಏಸಸ್‌ನವರ ಆರ್ಮರಿ ಕ್ರೇಟ್ ಬದಲು ಜಿ-ಹೆಲ್ಪರ್ ಅನ್ನುವ ಸಣ್ಣ ಉಚಿತ ತಂತ್ರಾಂಶ ಇದೆ, ಅದರಲ್ಲಿ ಪ್ರೊಸೆಸರ್‌ಗೆ ಇಷ್ಟೇ ವ್ಯಾಟ್ ಅಂತ ಮಿತಿ ಹಾಕಬಹುದು. ಇಷ್ಟು ಮಾಡಿದರೆ ಇಡೀ ಲ್ಯಾಪ್‌ಟಾಪ್ ಎಳೆಯುವುದು 50 ವ್ಯಾಟ್ ಹತ್ತಿರ ಬಂದು ನಿಲ್ಲುತ್ತದೆ. ಪವರ್‌ಬ್ಯಾಂಕ್‌ನ ಎಪ್ಪತ್ತು, ಒಳಗಿನ ಬ್ಯಾಟರಿಯ ಎಪ್ಪತ್ತಾರು, ಎರಡೂ ಸೇರಿ ಹತ್ತಿರ ಹತ್ತಿರ ಮೂರು ಗಂಟೆ. ಸ್ಟಾರ್‌ಡ್ಯೂ ವ್ಯಾಲಿಯಂಥ ಹಗುರ ಆಟಕ್ಕೆ ಗ್ರಾಫಿಕ್ಸ್ ಕಾರ್ಡನ್ನೇ ಆಫ್ ಮಾಡಿಬಿಟ್ಟರೆ 20 ವ್ಯಾಟ್‌ನಲ್ಲಿ ಮುಗಿಯುತ್ತದೆ, ಆಗ ಏಳು ಗಂಟೆಯ ಮೇಲೆ ಬರುತ್ತದೆ, ದಾರಿಯ ಹತ್ತಿರ ಹತ್ತಿರ ಮುಕ್ಕಾಲು ಭಾಗ ಆಡಿಕೊಂಡೇ ಹೋಗಬಹುದು. ಆನ್‌ಲೈನ್ ಆಟ ಮಾತ್ರ ರೈಲಿನಲ್ಲಿ ಬೇಡ, ಊರು ದಾಟಿದ ಕೂಡಲೇ ನೆಟ್‌ವರ್ಕ್ ಹೋಗುತ್ತದೆ, ಬ್ಯಾಟರಿ ಸುಮ್ನೆ ಖರ್ಚು.

ಇನ್ನೊಂದು ವಿಷಯವನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಖಾಲಿಯಾದ ಮೇಲೆ ಪವರ್‌ಬ್ಯಾಂಕ್ ಸಿಕ್ಕಿಸುವುದಲ್ಲ, ಆಟ ಶುರುಮಾಡುವ ಮೊದಲೇ ಸಿಕ್ಕಿಸಿ. ಬ್ಯಾಟರಿ ತುಂಬಿದ್ದಾಗ ಪವರ್‌ಬ್ಯಾಂಕ್‌ನಿಂದ ಬಂದ ಕರೆಂಟ್ ನೇರ ಆಟಕ್ಕೆ ಹೋಗುತ್ತದೆ. ಖಾಲಿ ಬ್ಯಾಟರಿಗೆ ಸಿಕ್ಕಿಸಿದರೆ ಮೊದಲು ಅದನ್ನು ತುಂಬಬೇಕು, ಮತ್ತೆ ಅಲ್ಲಿಂದ ತೆಗೆಯಬೇಕು, ಎರಡು ಕಡೆ ನಷ್ಟ, ಜೊತೆಗೆ ಬಿಸಿ. ಚಾರ್ಜ್ ಮಿತಿಯನ್ನು 80 ಪರ್ಸೆಂಟ್‌ಗೆ ಇಟ್ಟಿದ್ದರೆ ಇನ್ನೂ ಸುಲಭ, ಅದಕ್ಕಿಂತ ಮೇಲಿದ್ದಾಗ ಬ್ಯಾಟರಿ ತುಂಬಲು ಒಂದು ಹನಿಯೂ ಹೋಗುವುದಿಲ್ಲ.

ಕೇಬಲ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಒಂದು ಸಲ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ 100 ವ್ಯಾಟ್ ಅಂತ ಡಬ್ಬಿ ಮೇಲೆ ಬರೆದ ಕೇಬಲ್ ಕೊಟ್ಟರು. ಸಿಕ್ಕಿಸಿ ನೋಡಿದರೆ ಆಂಕರ್ ಸ್ಕ್ರೀನ್ 60 ದಾಟುತ್ತಲೇ ಇಲ್ಲ. ಕಾರಣ ಸರಳ. ಟೈಪ್-ಸಿ ಕೇಬಲ್ ಒಳಗೆ ಇ-ಮಾರ್ಕರ್ ಅನ್ನುವ ಚಿಕ್ಕ ಚಿಪ್ ಇದ್ದರೆ ಮಾತ್ರ 5 ಆಂಪಿಯರ್ ಹರಿಯಲು ಬಿಡುತ್ತಾರೆ, ಇಲ್ಲದಿದ್ದರೆ 3 ಆಂಪಿಯರ್. 20 ವೋಲ್ಟ್‌ಗೆ 3 ಆಂಪಿಯರ್ ಅಂದರೆ 60 ವ್ಯಾಟ್, ಮುಗಿಯಿತು. ಈಗ ತೆಗೆದುಕೊಳ್ಳುವುದಾದರೆ 240 ವ್ಯಾಟ್ ಅಂತ ನಮೂದಾಗಿರುವ ಒಳ್ಳೆ ಕಂಪನಿಯ ಕೇಬಲ್ಲನ್ನೇ ತಗೊಳ್ಳಿ. ಟೈಪ್-ಸಿಯಲ್ಲಿ ಕರೆಂಟ್ ಹೇಗೆ ಕೊಡಬೇಕು ಅನ್ನುವ ನಿಯಮಕ್ಕೆ ಪವರ್ ಡೆಲಿವರಿ, ಚಿಕ್ಕದಾಗಿ ಪಿಡಿ, ಅನ್ನುತ್ತಾರೆ; 2021ರಲ್ಲಿ ಬಂದ ಪಿಡಿ 3.1ರಲ್ಲಿ ಟೈಪ್-ಸಿ ಗರಿಷ್ಠ ಮಿತಿ 100ರಿಂದ 240 ವ್ಯಾಟ್‌ಗೆ ಏರಿದೆ, ನಾಳೆ ಹೊಸ ಲ್ಯಾಪ್‌ಟಾಪ್ ತಂದರೂ ಆ ಕೇಬಲ್ ಬದಲಿಸಬೇಕಾಗಿಲ್ಲ.

ಇಷ್ಟೆಲ್ಲ ಮಾಡುವ ಮೊದಲು ನಿಮ್ಮ ಲ್ಯಾಪ್‌ಟಾಪ್ ಟೈಪ್-ಸಿಯಲ್ಲಿ ಚಾರ್ಜ್ ಆಗುತ್ತದಾ ನೋಡಿಕೊಳ್ಳಿ. ಎಷ್ಟೋ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ತೂತು ಇರುತ್ತದೆ, ಆದರೆ ಅದು ಡೇಟಾಗೆ ಮಾತ್ರ, ಚಾರ್ಜಿಗೆ ಉಂಡೆ ಪಿನ್ನೇ ಬೇಕು. ಒಂದೇ ಲ್ಯಾಪ್‌ಟಾಪ್‌ನ ಎರಡು ಟೈಪ್-ಸಿ ಪೋರ್ಟ್‌ನಲ್ಲಿ ಒಂದು ಮಾತ್ರ ಚಾರ್ಜ್ ತೆಗೆದುಕೊಳ್ಳುವುದೂ ಉಂಟು. ಕಂಪನಿಯ ಸ್ಪೆಸಿಫಿಕೇಶನ್ ಪುಟದಲ್ಲಿ ಪವರ್ ಡೆಲಿವರಿ ಅನ್ನುವ ಮಾತು ಇದೆಯಾ ಅಂತ ಹುಡುಕಿ. ಇಲ್ಲದಿದ್ದರೆ ಆಂಕರ್ 737 ಅಲ್ಲ, ಯಾವ ಪವರ್‌ಬ್ಯಾಂಕೂ ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ಹಾಗಿದ್ದರೆ ಮನೆಯ ಪ್ಲಗ್ ಥರದ ಸಾಕೆಟ್ ಇರುವ ಪವರ್‌ಬ್ಯಾಂಕ್ ತಗೊಂಡರೆ ಆಗಲ್ವಾ ಅಂತ ಕೇಳಬಹುದು. ಚಿಕ್ಕವು ಸಾಮಾನ್ಯವಾಗಿ 100 ವ್ಯಾಟ್ ಆಸುಪಾಸಿನವು, 240 ವ್ಯಾಟ್ ಚಾರ್ಜರ್ ಸಿಕ್ಕಿಸಿ ಆಟ ಹಾಕಿದ ಕೂಡಲೇ ಓವರ್‌ಲೋಡ್ ಆಗಿ ಕಟ್ ಆಗುತ್ತವೆ. ಅಲ್ಲಿ ನಷ್ಟವೂ ಹೆಚ್ಚು, ಬ್ಯಾಟರಿಯ ಡಿಸಿಯನ್ನು ಎಸಿ ಮಾಡಿ ಮತ್ತೆ ಚಾರ್ಜರ್ ಅದನ್ನು ಡಿಸಿ ಮಾಡಬೇಕು. ಸ್ವಂತ ಕಾರಿನಲ್ಲಿ ಚಿಕ್ಕಮಗಳೂರು ಕಡೆ ಹೋಂಸ್ಟೇಗೆ ಹೋಗುವವರು ಇಕೋಫ್ಲೋ ರಿವರ್ 2 ಥರದ್ದು ನೋಡಬಹುದು. 256 ವ್ಯಾಟ್-ಅವರ್, 300 ವ್ಯಾಟ್ ಸಾಕೆಟ್, ತೂಕ ಮೂರೂವರೆ ಕೆಜಿ. ಡಿಕ್ಕಿಯಲ್ಲಿ ಇಡಲು ಸರಿ, ಹೆಗಲಿಗೆ ಹಾಕಿಕೊಂಡು ಪ್ಲಾಟ್‌ಫಾರ್ಮ್ ದಾಟಲು ಅಲ್ಲ.

ವಿಮಾನದಲ್ಲಿ ಹೋಗುವವರು ಇದನ್ನು ಗಮನವಿಟ್ಟು ಓದಿ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ತಕರಾರಿಲ್ಲ, 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದರ ಮೇಲಿನದಕ್ಕೆ ಅವಕಾಶವೇ ಇಲ್ಲ. 27,000 ಎಂಎಎಚ್ ಪವರ್‌ಬ್ಯಾಂಕ್‌ಗಳು ಅಷ್ಟೊಂದು ಕಾಣುವುದು ಇದೇ ಕಾರಣಕ್ಕೆ, ಲೆಕ್ಕ ಹಾಕಿದರೆ 99.9 ಬರುತ್ತದೆ. ಆದರೆ ಜೊತೆಗೆ ಒಯ್ಯುವುದು ಬೇರೆ, ಒಳಗೆ ಬಳಸುವುದು ಬೇರೆ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಏರ್ ಬುಸಾನ್ ವಿಮಾನ ಹೊರಡುವ ಮೊದಲೇ ಹೊತ್ತಿ ಉರಿಯಿತು, ಒಳಗಿದ್ದ 176 ಜನ ಹೇಗೋ ಪಾರಾದರು. ಪವರ್‌ಬ್ಯಾಂಕ್‌ನಿಂದಲೇ ಬೆಂಕಿ ಹೊತ್ತಿರಬಹುದು ಅಂತ ತನಿಖೆ ಮಾಡಿದವರು ಹೇಳಿದರು. ಅದಾದ ಮೇಲೆ ಸಿಂಗಪುರ ಏರ್‌ಲೈನ್ಸ್ 2025ರ ಏಪ್ರಿಲ್‌ನಿಂದ, ಎಮಿರೇಟ್ಸ್ ಅಕ್ಟೋಬರ್‌ನಿಂದ ವಿಮಾನದೊಳಗೆ ಪವರ್‌ಬ್ಯಾಂಕ್ ಬಳಸುವುದನ್ನೇ ನಿಷೇಧಿಸಿದವು. ಎಮಿರೇಟ್ಸ್‌ನಲ್ಲಿ ಒಬ್ಬರಿಗೆ ಒಂದೇ, ಅದೂ ನೂರರ ಒಳಗಿನದು. ನಮ್ಮ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೂಡ ಅದೇ ದಾರಿಯಲ್ಲಿದೆ. ಹಾಗಾಗಿ ಬೆಂಗಳೂರಿನಿಂದ ದುಬೈಗೆ ಹೋಗುವ ದಾರಿಯಲ್ಲಿ ಆಡಬೇಕು ಅಂತ ಇದನ್ನು ಕೊಳ್ಳಬೇಡಿ. ಏರ್‌ಪೋರ್ಟ್‌ನಲ್ಲಿ ಕಾಯುವ ಹೊತ್ತಿಗೆ, ಹೋದ ಊರಿನಲ್ಲಿ ಬಳಸುವುದಕ್ಕೆ ಸರಿ.

ಅಗ್ಗಕ್ಕೆ ಸಿಗುತ್ತದೆ ಅಂತ 50,000 ಎಂಎಎಚ್ ಡಬ್ಬಿ ಕಡೆ ಕೈ ಹಾಕುವವರಿಗೆ ಒಂದು ಸುಲಭ ಪರೀಕ್ಷೆ ಹೇಳುತ್ತೇನೆ. ತೂಕ ಮಾಡಿ. ಪವರ್‌ಬ್ಯಾಂಕ್‌ಗೆ ಹಾಕುವ 21700 ಅನ್ನುವ ಅಳತೆಯ 5,000 ಎಂಎಎಚ್‌ನ ಒಂದು ಸೆಲ್ ಸುಮಾರು 70 ಗ್ರಾಂ ಇರುತ್ತದೆ. 50,000 ಆಗಬೇಕಾದರೆ ಅಂಥ ಹತ್ತು ಬೇಕು, ಬರೀ ಸೆಲ್‌ಗಳೇ 700 ಗ್ರಾಂ, ಮೇಲೆ ಸರ್ಕ್ಯೂಟು, ಕವಚ. ಕೈಯಲ್ಲಿರುವುದು 400 ಗ್ರಾಂ ತೂಗಿದರೆ ಒಳಗೆ ಅಷ್ಟು ಬ್ಯಾಟರಿ ಇಲ್ಲವೇ ಇಲ್ಲ. ನಿಜವಾಗಿಯೂ 50,000 ಇದ್ದರೂ ಅದು 185 ವ್ಯಾಟ್-ಅವರ್, ವಿಮಾನಕ್ಕೆ ಬಿಡುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಳ್ಳಿ, ಆನ್‌ಲೈನ್‌ನಲ್ಲಿ ಕೊಳ್ಳಿ, ಮೇಲೆ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ತೋರಿಸುತ್ತದೆ. ದೊಡ್ಡ ಹೆಸರಿನವರಿಗೂ ತೊಂದರೆ ಆಗುತ್ತದೆ, 2025ರ ಜೂನ್‌ನಲ್ಲಿ ಆಂಕರ್ ತನ್ನ ಪವರ್‌ಕೋರ್ 10000ರ ಒಂದು ಮಾಡೆಲ್ಲನ್ನು ಬೆಂಕಿಯ ಅಪಾಯದ ಕಾರಣ ಅಮೆರಿಕದಲ್ಲಿ ಹನ್ನೊಂದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ವಾಪಸ್ ಕರೆಸಿಕೊಂಡಿತು. ಕೊಂಡ ಮೇಲೂ ಮಾಡೆಲ್ ಸಂಖ್ಯೆ ಆಗಾಗ ಪರೀಕ್ಷಿಸುತ್ತಿರಿ.

ರೈಲಿನಲ್ಲಿ ಬಳಸುವಾಗ ಪವರ್‌ಬ್ಯಾಂಕನ್ನು ದಿಂಬಿನ ಕೆಳಗೆ, ಹೊದಿಕೆಯ ಒಳಗೆ ಇಡಬೇಡಿ. 100 ವ್ಯಾಟ್ ಕೊಡುವಾಗ ಚೆನ್ನಾಗಿಯೇ ಬಿಸಿಯಾಗುತ್ತದೆ, ನಾನು ಅದನ್ನು ಕಿಟಕಿ ಪಕ್ಕದ ಚಿಕ್ಕ ಟೇಬಲ್ ಮೇಲೆ ಕಣ್ಣಿಗೆ ಕಾಣುವ ಹಾಗೆ ಇಡುತ್ತೇನೆ. ಮಲಗುವಾಗ ಕೇಬಲ್ ಕಿತ್ತುಬಿಡುತ್ತೇನೆ. ಉಬ್ಬಿದಂತೆ ಕಂಡರೆ ಆ ಕ್ಷಣವೇ ಬಳಸುವುದು ನಿಲ್ಲಿಸಿ.

ಕೊಳ್ಳಬೇಕಾ? ಲ್ಯಾಪ್‌ಟಾಪ್ ಈಗಾಗಲೇ ಇದೆ, ಅದು ಟೈಪ್-ಸಿಯಲ್ಲಿ 100 ವ್ಯಾಟ್ ತೆಗೆದುಕೊಳ್ಳುತ್ತದೆ, ಪ್ರಯಾಣದಲ್ಲಿ ಆಟದ ಜೊತೆ ಕೆಲಸವೂ ಇದೆ ಅಂದರೆ ಧೈರ್ಯವಾಗಿ ಕೊಳ್ಳಿ. ಕೋಡ್ ಬರೆಯುವುದು, ವಿಡಿಯೊ ನೋಡುವುದು ಇಂಥದ್ದಕ್ಕೆಲ್ಲ ಇದು ಒಂದು ಪೂರ್ತಿ ಹೆಚ್ಚುವರಿ ಬ್ಯಾಟರಿ ಇದ್ದ ಹಾಗೆಯೇ. ಪ್ರಯಾಣದಲ್ಲಿ ಬರೀ ಆಟ ಆಡುವುದಷ್ಟೇ ಆಸೆ ಅನ್ನುವವರು ಸ್ಟೀಮ್ ಡೆಕ್ ಥರದ ಕೈಯಲ್ಲಿ ಹಿಡಿಯುವ ಯಂತ್ರದ ಕಡೆ ಒಮ್ಮೆ ನೋಡಿ. ಮೊದಲು ಬಂದ ಸ್ಟೀಮ್ ಡೆಕ್‌ನ ಬ್ಯಾಟರಿ 40 ವ್ಯಾಟ್-ಅವರ್, ಚಾರ್ಜರ್ 45 ವ್ಯಾಟ್, ಹಾಗಾಗಿ ಇದೇ ಆಂಕರ್ ಅದನ್ನು ಒಂದೂವರೆ ಸಲಕ್ಕಿಂತ ಜಾಸ್ತಿ ತುಂಬಿಸುತ್ತದೆ. 140 ವ್ಯಾಟ್‌ಗೆ ಅಂತ ಹೆಚ್ಚು ದುಡ್ಡು ಕೊಡುವುದು ನಿಮ್ಮ ಲ್ಯಾಪ್‌ಟಾಪ್ ಅಷ್ಟು ತೆಗೆದುಕೊಳ್ಳುವುದಾದರೆ ಮಾತ್ರ, ನನ್ನಂತೆ 100ಕ್ಕೆ ನಿಲ್ಲುವ ಲ್ಯಾಪ್‌ಟಾಪ್ ಇದ್ದವರಿಗೆ ಒಳ್ಳೆ ಹೆಸರಿನ 100 ವ್ಯಾಟ್ ಪವರ್‌ಬ್ಯಾಂಕ್ ಸಾಕು.