ಡಿಸ್ಚಾರ್ಜ್ ಆದ ಮೇಲೆ ಲಿಪಿಡ್ ಪ್ರೊಫೈಲ್: ಮನೆಗೇ ಬರುವ ಲ್ಯಾಬ್ ಸೇವೆ ಹೇಗಿದೆ?

ಲಿಪಿಡ್ ಪ್ರೊಫೈಲ್‌ಗೆ, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆಗೆ, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಸೇವೆ ನಿಜಕ್ಕೂ ಅನುಕೂಲ. ರಿಪೋರ್ಟ್ ಮೊಬೈಲಿಗೇ ಬರುತ್ತದೆ. ಆದರೆ ಬುಕಿಂಗ್ ಮಾಡುವಾಗ ಸಾಮಾನ್ಯವಾಗಿ ಉಪವಾಸದ ಬಗ್ಗೆ ಹೇಳುತ್ತಾರೆಯೇ ಹೊರತು, ಇತ್ತೀಚೆಗೆ ಆಸ್ಪತ್ರೆಯಲ್ಲಿದ್ದಿರಾ ಎಂದು ಕೇಳುವುದಿಲ್ಲ. ಇದು ಸಣ್ಣ ಕೊರತೆಯಲ್ಲ. ನ್ಯುಮೋನಿಯಾ, ದೊಡ್ಡ ಆಪರೇಷನ್, ಹೃದಯಾಘಾತದಂಥ ಹೊತ್ತಿನಲ್ಲಿ ಉರಿಯೂತದಿಂದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಎರಡೂ ಇಳಿಯುತ್ತವೆ, ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಬಹುದು. ಆಗ ಬಂದ ಕಡಿಮೆ ಅಂಕಿ ನೋಡಿ ವೈದ್ಯರನ್ನು ಕೇಳದೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸುವುದು ಅಪಾಯ. ಹೃದಯಾಘಾತವಾದರೆ ಮೊದಲ 24 ಗಂಟೆಯೊಳಗಿನ ಸ್ಯಾಂಪಲ್ಲೇ ನಿಜಕ್ಕೆ ಹತ್ತಿರ. ಅದು ತಪ್ಪಿದರೆ, ಚೇತರಿಸಿಕೊಂಡು ಆರೆಂಟು ವಾರವಾದ ಮೇಲೆ ಇನ್ನೊಮ್ಮೆ ಮಾಡಿಸಿ. ಟ್ರೈಗ್ಲಿಸರೈಡ್ 400 mg/dL ದಾಟಿದ್ದರೆ ಲೆಕ್ಕ ಹಾಕಿ ಕೊಟ್ಟ ಎಲ್‌ಡಿಎಲ್ ನಂಬಬೇಡಿ, ನೇರವಾಗಿ ಅಳೆಯುವ ಡೈರೆಕ್ಟ್ ಎಲ್‌ಡಿಎಲ್ ಕೇಳಿ.