ಇನ್ನೋ ಸೆಟಪ್ ದೀರ್ಘ ಬಳಕೆಯ ವಿಮರ್ಶೆ: ಮೈಸೂರಿನ ಬಿಲ್ಡ್ ಯಂತ್ರದಿಂದ ಮಂಡ್ಯದ ವೇಬ್ರಿಡ್ಜ್‌ವರೆಗೆ

ವಿಂಡೋಸ್‌ಗೆ ಸಾಫ್ಟ್‌ವೇರ್ ಬರೆಯುವವರಿಗೆ ಇನ್ನೋ ಸೆಟಪ್ ಹೊಸ ಹೆಸರಲ್ಲ. ಜೋರ್ಡನ್ ರಸೆಲ್ 1997ರಲ್ಲಿ ಹೊರತಂದ, ಇನ್‌ಸ್ಟಾಲರ್ (ಸಾಫ್ಟ್‌ವೇರನ್ನು ಗ್ರಾಹಕರ ಕಂಪ್ಯೂಟರ್‌ಗೆ ಹಾಕುವ ಸೆಟಪ್ ಕಡತ) ಕಟ್ಟುವ ಈ ಉಪಕರಣ ಇಂದಿಗೂ ಬೆಳೆಯುತ್ತಿದೆ. ಇಲ್ಲಿ ಹೇಳುತ್ತಿರುವುದು ಒಂದು ನಿರ್ದಿಷ್ಟ ಬಳಕೆಯ ಬಗ್ಗೆ. ಮೈಸೂರಿನ ಹೆಬ್ಬಾಳದಲ್ಲಿ ಸಣ್ಣ ತಂಡ, ಕೋಡ್‌ನಿಂದ ಸಾಫ್ಟ್‌ವೇರ್ ಕಟ್ಟುವ ಕೆಲಸವನ್ನು ತಾನಾಗಿ ನಡೆಸುವ ಜೆಂಕಿನ್ಸ್ ಓಡುವ ಒಂದೇ ಬಿಲ್ಡ್ ಯಂತ್ರ. ಗ್ರಾಹಕರು ಮದ್ದೂರು, ಪಾಂಡವಪುರ, ಮಳವಳ್ಳಿ ಕಡೆಯ ಅಕ್ಕಿ ಗಿರಣಿ, ಬೆಲ್ಲದ ಮಂಡಿ, ವೇಬ್ರಿಡ್ಜ್‌ನವರು (ಲಾರಿ, ಟ್ರ್ಯಾಕ್ಟರ್ ತೂಗುವ ಕಟ್ಟೆಯವರು). ತೂಕದ ಇಂಡಿಕೇಟರ್‌ನಿಂದ ಸೀರಿಯಲ್ ಪೋರ್ಟ್ ಮೂಲಕ ತೂಕ ಓದಿ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಚೀಟಿ ತೆಗೆಯುವ ಸಾಫ್ಟ್‌ವೇರ್ ಅದು. ಇದನ್ನೆಲ್ಲ ಬ್ರೌಸರ್‌ನಲ್ಲೇ ಮಾಡಬಹುದಲ್ಲ ಅನ್ನುವವರು ಒಮ್ಮೆ ಆ ಕೊಠಡಿಗಳ ಇಂಟರ್ನೆಟ್ ನೋಡಿಕೊಂಡು ಬರಲಿ.

ಇನ್‌ಸ್ಟಾಲರ್ ಆಗಿ ಇದರಲ್ಲಿ ಹೆಸರಿಡುವಂಥದ್ದು ಕಡಿಮೆ. ಇದೇ ಪೂರ್ತಿ ಡಿಪ್ಲಾಯ್‌ಮೆಂಟ್ (ಸಾಫ್ಟ್‌ವೇರನ್ನು ಗ್ರಾಹಕರಿಗೆ ತಲುಪಿಸಿ ನೋಡಿಕೊಳ್ಳುವ) ವ್ಯವಸ್ಥೆ ಅಂದುಕೊಂಡರೆ ಮಾತ್ರ ಕಷ್ಟ. ಆವೃತ್ತಿ ಸಂಖ್ಯೆ, ಡಿಜಿಟಲ್ ಸಹಿ (ಕಡತ ನಮ್ಮದೇ, ಯಾರೂ ತಿದ್ದಿಲ್ಲ ಎಂದು ತೋರಿಸುವ ಗುರುತು), ಅಪ್‌ಡೇಟ್ ಇವನ್ನು ನೀವೇ ಕಟ್ಟಿಕೊಳ್ಳಬೇಕು. ಗ್ರಾಹಕರ ಫೋನ್ ಬರುವುದೂ ಇವುಗಳ ವಿಷಯಕ್ಕೇ.

ಒಳ್ಳೆಯದನ್ನು ಮೊದಲು ಹೇಳಿಬಿಡೋಣ. ಇಡೀ ಇನ್‌ಸ್ಟಾಲರ್ ಒಂದು ಪಠ್ಯ ಕಡತದಲ್ಲಿರುತ್ತದೆ, ಡಾಟ್ ಐಎಸ್‌ಎಸ್. ಹಾಗಾಗಿ ಅದನ್ನೂ ಕೋಡ್‌ನ ಬದಲಾವಣೆ ದಾಖಲಿಸುವ ಗಿಟ್‌ಗೆ ಹಾಕಿ, ಯಾರು ಯಾವ ಸಾಲು ಬದಲಿಸಿದರೆಂದು ನೋಡಬಹುದು. ಕಮಾಂಡ್ ಲೈನ್‌ನಿಂದ ಐಎಸ್‌ಸಿಸಿ (ಇನ್ನೋ ಸೆಟಪ್‌ನ ಕಂಪೈಲರ್) ಓಡಿಸಿದರೆ ಒಂದೇ ಇಎಕ್ಸ್‌ಇ (ಓಡಿಸಬಲ್ಲ ಕಡತ) ಹೊರಬರುತ್ತದೆ. ಐಎಸ್‌ಸಿಸಿ ಮುಗಿದಾಗ ಕೊಡುವ ಎಕ್ಸಿಟ್ ಕೋಡ್ ಸರಳ: 0 ಎಂದರೆ ಆಯಿತು, 1 ಎಂದರೆ ಕಮಾಂಡ್ ತಪ್ಪು ಅಥವಾ ಒಳಗಿನ ದೋಷ, 2 ಎಂದರೆ ಕಂಪೈಲ್ ಆಗಲಿಲ್ಲ. ಜೆಂಕಿನ್ಸ್‌ಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ಎಲ್‌ಝಡ್‌ಎಂಎ2 ಸಂಕೋಚನದ ಜೊತೆ ಸಾಲಿಡ್ ಕಂಪ್ರೆಷನ್ (ಎಲ್ಲ ಕಡತಗಳನ್ನೂ ಒಟ್ಟಾಗಿ ಕುಗ್ಗಿಸುವುದು) ಹಾಕಿದರೆ ಕಡತದ ಗಾತ್ರ ಚೆನ್ನಾಗಿ ಇಳಿಯುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸಿಕೊಳ್ಳುವ ಗಿರಣಿಯವರಿಗೆ ಇದು ಸಣ್ಣ ವಿಷಯವಲ್ಲ.

ಇನ್ನು "ಸಾರ್, ಹೊಸ್ದು ಹಾಕುದ್ರೂ ಹಳೇದೇ ಬತ್ತದೆ" ಎನ್ನುವ ದೂರು. ಇದರ ಮೂಲ ಹೆಚ್ಚಾಗಿ ಕಡತದ ಆವೃತ್ತಿ ಸಂಖ್ಯೆ. ಆಗಲೇ ಇರುವ ಕಡತಕ್ಕೂ ಹೊಸದಕ್ಕೂ ಒಂದೇ ಆವೃತ್ತಿ ಇದ್ದರೆ ಇನ್ನೋ ಸೆಟಪ್ ಹಳೆಯದನ್ನು ಮುಟ್ಟುವುದಿಲ್ಲ. ಡೆವಲಪರ್ ಕೋಡ್ ಬದಲಿಸಿ ಆವೃತ್ತಿಯನ್ನು 1.0.0.0 ಎಂದೇ ಬಿಟ್ಟಿದ್ದರೆ, ಸೆಟಪ್ ಹಸಿರು ಪಟ್ಟಿ ಪೂರ್ತಿ ತೋರಿಸಿ, ಮುಗಿಯಿತು ಎಂದು ಹೇಳಿ, ಹಳೆಯ ಇಎಕ್ಸ್‌ಇಯನ್ನು ಹಾಗೇ ಬಿಟ್ಟಿರುತ್ತದೆ. ನಮ್ಮದೇ ಕಡತಗಳಿಗೆ ಆವೃತ್ತಿ ನೋಡದೆ ಬದಲಿಸುವ ಇಗ್ನೋರ್‌ವರ್ಷನ್ ಫ್ಲ್ಯಾಗ್ ಹಾಕಿದರೆ ಇದು ನಿಲ್ಲುತ್ತದೆ. ಆದರೆ ಸಿಸ್ಟಂ ಫೋಲ್ಡರ್‌ಗೆ ಹೋಗುವ ಹಂಚಿಕೆಯ ಡಿಎಲ್‌ಎಲ್‌ಗಳಿಗೆ (ಹಲವು ಪ್ರೋಗ್ರಾಂ ಬಳಸುವ ಕೋಡ್ ಕಡತಗಳಿಗೆ) ಆ ಫ್ಲ್ಯಾಗ್ ಹಾಕಲೇಬಾರದು, ಇನ್ಯಾರದೋ ಹೊಸ ಡಿಎಲ್‌ಎಲ್ ಮೇಲೆ ನಮ್ಮ ಹಳೆಯದು ಕೂತುಬಿಡುತ್ತದೆ. ಫ್ಲ್ಯಾಗ್‌ಗಿಂತ ಮೂಲವನ್ನೇ ಸರಿಮಾಡುವುದು ಲೇಸು: ಗಿಟ್ ಟ್ಯಾಗ್‌ನಿಂದ (ಬಿಡುಗಡೆಗೆ ಗಿಟ್‌ನಲ್ಲಿ ಇಟ್ಟ ಗುರುತಿನಿಂದ) ಆವೃತ್ತಿ ಓದಿ, ಅದನ್ನೇ ಕೋಡ್ ಕಟ್ಟುವ ಎಂಎಸ್‌ಬಿಲ್ಡ್‌ಗೂ, ಐಎಸ್‌ಸಿಸಿಗೂ ಕಮಾಂಡ್ ಲೈನ್‌ನಲ್ಲಿ ಕೊಡಬೇಕು. ಸಂಖ್ಯೆಯನ್ನು ಕೈಯಿಂದ ಬರೆಯುವ ಜಾಗ ಎರಡು ಇದ್ದರೆ ಒಂದಲ್ಲ ಒಂದು ದಿನ ಎರಡೂ ಬೇರೆಯಾಗುತ್ತವೆ.

ಆಪ್‌ಐಡಿ ಇನ್ನೊಂದು, ಇದು ಅದೇ ಸಾಫ್ಟ್‌ವೇರ್ ಎಂದು ಸೆಟಪ್ ಗುರುತಿಸುವುದು ಅದರಿಂದ. ಅದನ್ನು ಬರೆಯದೆ ಬಿಟ್ಟರೆ ಆಪ್‌ನೇಮ್‌ನಲ್ಲಿ ಬರೆದ ಸಾಫ್ಟ್‌ವೇರ್ ಹೆಸರೇ ಆಪ್‌ಐಡಿ ಆಗುತ್ತದೆ. ಮುಂದೆ ಮಾರಾಟದವರು ಸಾಫ್ಟ್‌ವೇರ್ ಹೆಸರು ಬದಲಿಸಿದ ದಿನ, ಅಪ್‌ಡೇಟ್ ಆಗುವ ಬದಲು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಎರಡು ಸಾಫ್ಟ್‌ವೇರ್ ಕೂರುತ್ತವೆ. ಮೊದಲ ದಿನವೇ ಒಂದು ಜಿಯುಐಡಿ (ಬೇರೆಲ್ಲೂ ಬಾರದ ಉದ್ದನೆಯ ಗುರುತು ಸಂಖ್ಯೆ) ಕೊಟ್ಟು ಮತ್ತೆ ಮುಟ್ಟದಿರಿ. ಅದನ್ನು ಬರೆಯುವಾಗ ತೆರೆಯುವ ಕರ್ಲಿ ಬ್ರಾಕೆಟ್ ಎರಡು, ಮುಚ್ಚುವುದು ಒಂದು. ನೋಡಲು ಅಕ್ಷರದೋಷದಂತೆ ಕಂಡರೂ ಅದೇ ಸರಿ.

ಡೇಟಾಬೇಸ್ ಕಡತವನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಇಡಬೇಡಿ. ಮ್ಯಾನಿಫೆಸ್ಟ್ (ಬೇಕಾದ ಅನುಮತಿ ವಿಂಡೋಸ್‌ಗೆ ತಿಳಿಸುವ ವಿವರ) ಇಲ್ಲದ ಹಳೆಯ 32-ಬಿಟ್ ಪ್ರೋಗ್ರಾಂ ಅಲ್ಲಿ ಬರೆಯಲು ಹೋದರೆ ವಿಂಡೋಸ್ ಸದ್ದಿಲ್ಲದೆ ಅದನ್ನು ಆ ಬಳಕೆದಾರರ ವರ್ಚುವಲ್‌ಸ್ಟೋರ್ ಎಂಬ ಸ್ವಂತ ಫೋಲ್ಡರ್‌ಗೆ ತಿರುಗಿಸುತ್ತದೆ. ಹಗಲು ಪಾಳಿಯವರು ಒಂದು ಲಾಗಿನ್, ರಾತ್ರಿ ಪಾಳಿಯವರು ಇನ್ನೊಂದು ಲಾಗಿನ್ ಬಳಸಿದರೆ ಇಬ್ಬರ ಲೆಕ್ಕವೂ ಬೇರೆಬೇರೆ. ಪ್ರೋಗ್ರಾಂಡೇಟಾ ಫೋಲ್ಡರ್‌ನಲ್ಲಿ ಜಾಗ ಮಾಡಿ, ಎಲ್ಲ ಬಳಕೆದಾರರೂ ಬರೆಯಬಲ್ಲ ಯೂಸರ್ಸ್-ಮಾಡಿಫೈ ಅನುಮತಿ ಕೊಡಿ. ಖಾಲಿ ಡೇಟಾಬೇಸ್‌ಗೆ 'ಓನ್ಲಿ-ಇಫ್-ಡಸಂಟ್-ಎಕ್ಸಿಸ್ಟ್' (ಇಲ್ಲದಿದ್ದರೆ ಮಾತ್ರ ಹಾಕು), 'ಅನ್‌ಇನ್ಸ್-ನೆವರ್-ಅನ್‌ಇನ್‌ಸ್ಟಾಲ್' (ಸಾಫ್ಟ್‌ವೇರ್ ತೆಗೆಯುವಾಗ ಅಳಿಸಬೇಡ) ಎರಡೂ ಫ್ಲ್ಯಾಗ್ ಇರಲಿ. ಮೊದಲನೆಯದು ಮರೆತರೆ ಅಪ್‌ಡೇಟ್ ದಿನ ಗ್ರಾಹಕರ ಲೆಕ್ಕವೆಲ್ಲ ಮಾಯ.

ಬಿಲ್ಡ್ ಯಂತ್ರದಲ್ಲಿ ಅತಿ ಹೆಚ್ಚು ತಲೆ ತಿನ್ನುವುದು ಆಂಟಿವೈರಸ್. ಐಎಸ್‌ಸಿಸಿ ಕಡತ ಬರೆದು ಮುಗಿಸುವಷ್ಟರಲ್ಲಿ ಸ್ಕ್ಯಾನರ್ ಅದನ್ನು ಹಿಡಿದುಕೊಳ್ಳುತ್ತದೆ, ಆಗ 'ಎಂಡ್‌ಅಪ್‌ಡೇಟ್‌ರಿಸೋರ್ಸ್ ಫೇಲ್ಡ್' ಎಂಬ ದೋಷ, ಜೊತೆಗೆ 110 ಎಂಬ ಸಂಖ್ಯೆ. ಮತ್ತೆ ಓಡಿಸಿದರೆ ಸರಿಯಾಗುತ್ತದೆ, ಹಾಗಾಗಿ ಸ್ಕ್ರಿಪ್ಟ್ ಮೇಲೆ ವೃಥಾ ಅನುಮಾನ. ಔಟ್‌ಪುಟ್ ಫೋಲ್ಡರ್ ಒಂದನ್ನೇ ಸ್ಕ್ಯಾನ್‌ನಿಂದ ಹೊರಗಿಡಿ. ಇಡೀ ಡ್ರೈವ್ ಹೊರಗಿಡುವುದು ಸೋಮಾರಿತನ. ಮತ್ತೆ, ಕರೆಂಟ್ ನಡುವೆ ಹೋಗುವ ಊರಿನಲ್ಲಿ ಇಎಕ್ಸ್‌ಇಯನ್ನು ನೇರವಾಗಿ ರಿಲೀಸ್ ಫೋಲ್ಡರ್‌ಗೆ ಬರೆಯಬಾರದು. ತಾತ್ಕಾಲಿಕ ಫೋಲ್ಡರ್‌ನಲ್ಲಿ ಕಂಪೈಲ್ ಮಾಡಿ, ಸಹಿ ಹಾಕಿ, ಎಸ್‌ಎಚ್‌ಎ-256 (ಕಡತದ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕಹಾಕಿ, ಕೊನೆಗೆ ಹೆಸರು ಬದಲಿಸಿ ಅಲ್ಲಿಗೆ ಸರಿಸಬೇಕು.

ಸಹಿಯ ವಿಚಾರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 2023ರ ಜೂನ್ 1ರಿಂದ ಕೋಡ್ ಸಹಿಯ ಪ್ರಮಾಣಪತ್ರದ ಖಾಸಗಿ ಕೀಲಿ (ಸಹಿ ಹಾಕುವ ಗುಟ್ಟಿನ ಸಂಖ್ಯೆ) ಹಾರ್ಡ್‌ವೇರ್‌ನಲ್ಲೇ ಇರಬೇಕೆಂಬ ನಿಯಮ ಬಂದಿದೆ. ಮೊದಲಿನಂತೆ ಕೀಲಿ ಇರುವ ಪಿಎಫ್‌ಎಕ್ಸ್ ಕಡತವನ್ನು ಬಿಲ್ಡ್ ಯಂತ್ರಕ್ಕೆ ನಕಲು ಮಾಡಿ ನಿಶ್ಚಿಂತೆಯಿಂದಿರುವ ಕಾಲ ಹೋಯಿತು. ಸಣ್ಣ ತಂಡಕ್ಕೆ ಸಿಗುವುದು ಸಾಮಾನ್ಯವಾಗಿ ಯುಎಸ್‌ಬಿ ಟೋಕನ್, ಕೀಲಿಯನ್ನು ಒಳಗೇ ಇಟ್ಟುಕೊಳ್ಳುವ ಪೆನ್‌ಡ್ರೈವ್‌ನಂಥ ಸಾಧನ. ಜೆಂಕಿನ್ಸ್ ಏಜೆಂಟನ್ನು (ಜೆಂಕಿನ್ಸ್ ಹೇಳಿದ ಕೆಲಸ ಮಾಡುವ ಪ್ರೋಗ್ರಾಂ) ವಿಂಡೋಸ್ ಸರ್ವಿಸ್ ಆಗಿ ಓಡಿಸಿದರೆ ಅದು ಬಳಕೆದಾರರ ಪರದೆಗೆ ಕಾಣದ ಸೆಷನ್ 0ಯಲ್ಲಿರುತ್ತದೆ. ಟೋಕನ್ ಪಿನ್ ಕೇಳುವ ಕಿಟಕಿ ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಬಿಲ್ಡ್ ಸುಮ್ಮನೆ ನಿಂತಿರುತ್ತದೆ. ದಾರಿಯೆಂದರೆ ಸಹಿಗೆ ಬೇರೆ ಏಜೆಂಟ್ ಇಟ್ಟು, ಅದನ್ನು ಟಾಸ್ಕ್ ಶೆಡ್ಯೂಲರ್ ಮೂಲಕ ಲಾಗಿನ್ ಆದ ಬಳಕೆದಾರರ ಸೆಷನ್‌ನಲ್ಲೇ ಶುರುಮಾಡುವುದು. ರಿಮೋಟ್ ಡೆಸ್ಕ್‌ಟಾಪ್‌ನಿಂದ ಹೋದಾಗ ಆ ಯಂತ್ರಕ್ಕೆ ಚುಚ್ಚಿದ ಟೋಕನ್ ಕಾಣದೇ ಹೋಗಬಹುದು. ವಿಂಡೋಸ್ ಆಗ ಸ್ಮಾರ್ಟ್‌ಕಾರ್ಡನ್ನು ನಿಮ್ಮ ಕಡೆಯ ಕಂಪ್ಯೂಟರ್‌ನಲ್ಲಿ ಹುಡುಕುತ್ತಿರುತ್ತದೆ. ಸಹಿ ಹಾಕುವ ಸೈನ್‌ಟೂಲ್ ಕಮಾಂಡ್‌ನಲ್ಲಿ, ಸಹಿ ಹಾಕಿದ ಸಮಯ ದಾಖಲಿಸುವ ಟೈಮ್‌ಸ್ಟಾಂಪ್ ಸರ್ವರ್ ವಿಳಾಸ ತಪ್ಪದೆ ಇರಲಿ, ಇಲ್ಲದಿದ್ದರೆ ಪ್ರಮಾಣಪತ್ರದ ಅವಧಿ ಮುಗಿದಂದೇ ಹಳೆಯ ಇನ್‌ಸ್ಟಾಲರ್‌ಗಳ ಸಹಿಯೂ ಬಿದ್ದುಹೋಗುತ್ತದೆ. ಮೊದಲು ಒಳಗಿನ ಇಎಕ್ಸ್‌ಇ, ಡಿಎಲ್‌ಎಲ್‌ಗಳಿಗೆ ಸಹಿ, ಆಮೇಲೆ ಪ್ಯಾಕಿಂಗ್. ಸೆಟಪ್‌ಗೂ ಅನ್‌ಇನ್‌ಸ್ಟಾಲರ್‌ಗೂ ಇನ್ನೋ ಸೆಟಪ್ ತಾನೇ ಸೈನ್‌ಟೂಲ್ ಕರೆಯುತ್ತದೆ, ಅದು ಅಚ್ಚುಕಟ್ಟಾಗಿದೆ.

ಅಪ್‌ಡೇಟ್‌ಗೆ ಅರ್ಧ ಅಂಕ. ಇನ್ನೋ ಸೆಟಪ್ 6.1ರಿಂದ ಸೆಟಪ್ ಒಳಗೇ ಕಡತ ಇಳಿಸಿಕೊಳ್ಳುವ ಸೌಲಭ್ಯ ಬಂದಿದೆ, ಆದರೆ 'ಹೊಸ ಆವೃತ್ತಿ ಬಂದಿದೆಯೇ' ಎಂದು ನೋಡುವ ಕೆಲಸ ನಿಮ್ಮ ಪ್ರೋಗ್ರಾಂನದು. ವೆರಿಸೈಲೆಂಟ್ ಸ್ವಿಚ್ ಕೊಟ್ಟರೆ ಸೆಟಪ್ ಕಿಟಕಿ ಮಾತ್ರ ಮರೆಯಾಗುತ್ತದೆ, ವಿಂಡೋಸ್ ಅಡ್ಮಿನ್ ಅನುಮತಿ ಕೇಳುವುದು ನಿಲ್ಲುವುದಿಲ್ಲ. ವೇಬ್ರಿಡ್ಜ್ ಆಪರೇಟರ್ ಬಳಿ ಅಡ್ಮಿನ್ ಪಾಸ್‌ವರ್ಡ್ ಇರುವುದಿಲ್ಲ, ಮಾಲೀಕರು ಊರಲ್ಲಿರುವುದಿಲ್ಲ. ಬೇಕಾದ ಅನುಮತಿ ಹೇಳುವ ಪ್ರಿವಿಲೇಜಸ್ ರಿಕ್ವೈರ್ಡ್ ಅನ್ನು ಲೋಯೆಸ್ಟ್ (ಅತಿ ಕಡಿಮೆ) ಮಾಡಿದರೆ ಆ ಪ್ರಶ್ನೆ ತಪ್ಪುತ್ತದೆ, ಆದರೆ ಪ್ರೋಗ್ರಾಂ ಒಬ್ಬ ಬಳಕೆದಾರರ ಫೋಲ್ಡರ್‌ಗೆ ಹೋಗಿ ಕೂರುತ್ತದೆ, ರಾತ್ರಿ ಪಾಳಿಯ ಲಾಗಿನ್‌ಗೆ ಕಾಣುವುದಿಲ್ಲ. ಪಾಳಿ ಬದಲಾಗುವ ಕಡೆ ಸಿಸ್ಟಂ ಖಾತೆಯಲ್ಲಿ ಓಡುವ ಪುಟ್ಟ ಸರ್ವಿಸ್ ಒಂದೇ ಉಪಾಯ. ಆ ಸರ್ವಿಸ್ ಇಳಿಸಿದ ಕಡತದ ಸಹಿಯನ್ನು ಪರೀಕ್ಷಿಸಿಯೇ ಓಡಿಸಬೇಕು, ಇಳಿಸುವ ಫೋಲ್ಡರ್‌ಗೆ ಸಾಮಾನ್ಯ ಬಳಕೆದಾರರು ಬರೆಯುವಂತಿರಬಾರದು. ಇಲ್ಲವಾದರೆ ಯಾರು ಯಾವ ಇಎಕ್ಸ್‌ಇ ಇಟ್ಟರೂ ಅದು ಪೂರ್ಣ ಅಧಿಕಾರದಲ್ಲಿ ಓಡುತ್ತದೆ.

ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರ್ ಸಾಲು ರಾತ್ರಿಯೂ ಕರಗುವುದಿಲ್ಲ. ಒಳಬಂದ ಗಾಡಿಯ ಮೊದಲ ತೂಕ ಆಗಿ, ಖಾಲಿ ಗಾಡಿಯ ತೂಕ ಬಾಕಿ ಇರುವಾಗ ಪ್ರೋಗ್ರಾಂ ಮುಚ್ಚಿದರೆ ಜಗಳ ಖಂಡಿತ. ಆದ್ದರಿಂದ ಆಪ್‌ಮ್ಯೂಟೆಕ್ಸ್ ಇಡಿ: ಪ್ರೋಗ್ರಾಂ ಓಡುತ್ತಿದ್ದರೆ ಸೆಟಪ್ ಮುಂದುವರಿಯುವುದಿಲ್ಲ, ಸಪ್ರೆಸ್ ಮೆಸೇಜ್ ಬಾಕ್ಸಸ್ ಸ್ವಿಚ್ ಜೊತೆಗಿದ್ದರೆ ಸದ್ದಿಲ್ಲದೆ ರದ್ದಾಗುತ್ತದೆ. ಕ್ಲೋಸ್ ಅಪ್ಲಿಕೇಷನ್ಸ್‌ಗೆ ಫೋರ್ಸ್ ಕೊಟ್ಟು ಪ್ರೋಗ್ರಾಂ ಕೊಲ್ಲುವುದು ಇಂಥ ಕಡೆ ಸಲ್ಲ. ಪ್ರತಿ ಮೌನ ಇನ್‌ಸ್ಟಾಲ್‌ಗೂ ಲಾಗ್ ಸ್ವಿಚ್ ಹಾಕಿ ಲಾಗ್ ಕಡತ ಉಳಿಸಿಕೊಳ್ಳಿ. ಯಾವ ಕಡತ ಯಾಕೆ ಬದಲಾಗಲಿಲ್ಲ ಎಂಬುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ.

ವಿಂಡೋಸ್ 7 ಇನ್ನೂ ಓಡುವ ಕಡೆ ಪ್ರೋಗ್ರಾಂ ಓಡಲು ಬೇಕಾದ ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ 4.8 ಕೊನೆಯ ಮೆಟ್ಟಿಲು, ಅದರ ಆಫ್‌ಲೈನ್ ಕಡತವೇ ನೂರು ಎಂಬಿ ಮೀರುತ್ತದೆ. ಅದನ್ನು ಸೆಟಪ್ ಒಳಗೆ ತುಂಬಬೇಡಿ. ಪೆನ್‌ಡ್ರೈವ್‌ನಲ್ಲಿ ಪಕ್ಕದಲ್ಲೇ ಇಟ್ಟು, ಕಡತ ಸೆಟಪ್ ಹೊರಗಿದೆ ಎನ್ನುವ ಎಕ್ಸ್‌ಟರ್ನಲ್ ಫ್ಲ್ಯಾಗ್ ಹಾಕಿ, ಯಂತ್ರದಲ್ಲಿ ಇಲ್ಲದಿದ್ದರೆ ಮಾತ್ರ ಓಡಿಸಿ.

ಕನ್ನಡದ ಮಟ್ಟಿಗೆ: ನಾವು ಬಳಸಿದ ಆವೃತ್ತಿಗಳ ಜೊತೆ ಕನ್ನಡ ಸಂದೇಶಗಳ ಕಡತ ಬಂದಿರಲಿಲ್ಲ, ಇಂಗ್ಲಿಷ್ ಸಂದೇಶಗಳಿರುವ ಡೀಫಾಲ್ಟ್ ಡಾಟ್ ಐಎಸ್‌ಎಲ್ ಅನ್ನು ನಕಲು ಮಾಡಿ ಅನುವಾದಿಸಿಕೊಳ್ಳಬೇಕು. ಯುಟಿಎಫ್-8ರಲ್ಲಿ, ಬಿಒಎಂ (ಕಡತದ ಆರಂಭದಲ್ಲಿರುವ ಗುರುತು) ಸಹಿತ ಉಳಿಸಿ. ಭಾಷಾ ಸಂಖ್ಯೆ ದಶಮಾನದಲ್ಲಿ 1099. ಫಾಂಟ್‌ಗೆ ವಿಂಡೋಸ್ 8ರಿಂದ ನಿರ್ಮಲಾ ಯುಐ ಇದೆ, ವಿಂಡೋಸ್ 7ರಲ್ಲಿ ತುಂಗಾ. ಬಟನ್ ಮೇಲೆ ಉದ್ದ ಪದ ಹಿಡಿಸುವುದಿಲ್ಲ, 'ಮುಂದೆ', 'ಹಿಂದೆ', 'ರದ್ದು' ಇಷ್ಟೇ ಸಾಕು. ಇನ್ನೋ ಸೆಟಪ್ 6ನೇ ಆವೃತ್ತಿಯಿಂದ ಪೂರ್ತಿ ಯುನಿಕೋಡ್ ಆಗಿರುವುದರಿಂದ ಬಳಕೆದಾರರ ಹೆಸರು ಕನ್ನಡದಲ್ಲಿದ್ದರೂ ಮುಗ್ಗರಿಸುವುದಿಲ್ಲ. ನಿಮ್ಮ ಪ್ರೋಗ್ರಾಂ ಯುನಿಕೋಡ್‌ಗೂ ಹಿಂದಿನ ಆನ್ಸಿ ಅಕ್ಷರ ಪದ್ಧತಿಯದ್ದಾದರೆ ಮುಗ್ಗರಿಸುತ್ತದೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಆನ್ಸಿ ಕೋಡ್‌ಪೇಜೇ (ಅಕ್ಷರಗಳ ಪಟ್ಟಿ) ಇಲ್ಲ, ಆದ್ದರಿಂದ ಲೊಕೇಲ್ (ವಿಂಡೋಸ್‌ನ ಭಾಷೆ-ಪ್ರದೇಶದ ಆಯ್ಕೆ) ಬದಲಿಸಿ ಪಾರಾಗುವ ದಾರಿಯೂ ಮುಚ್ಚಿದೆ.

ಕಾಲೇಜು, ದೊಡ್ಡ ಕಾರ್ಖಾನೆಯಂಥ ಗ್ರಾಹಕರು ಗ್ರೂಪ್ ಪಾಲಿಸಿಯಿಂದ (ಒಂದೇ ಕಡೆಯಿಂದ ಎಲ್ಲ ಯಂತ್ರ ನಿಯಂತ್ರಿಸುವ ವಿಂಡೋಸ್ ವ್ಯವಸ್ಥೆಯಿಂದ) ನೂರಾರು ಕಂಪ್ಯೂಟರ್‌ಗೆ ಒಟ್ಟಿಗೆ ಹಾಕುತ್ತೇವೆ ಅಂದರೆ ಅವರಿಗೆ ಎಂಎಸ್‌ಐ (ವಿಂಡೋಸ್‌ನದೇ ಇನ್‌ಸ್ಟಾಲರ್ ಬಗೆ) ಬೇಕು, ಇನ್ನೋ ಸೆಟಪ್ ಅದನ್ನು ಕೊಡುವುದಿಲ್ಲ. ಇಎಕ್ಸ್‌ಇಯನ್ನು ಎಂಎಸ್‌ಐ ಒಳಗೆ ತುರುಕುವ ಅಡ್ಡದಾರಿ ಹಿಡಿದರೆ ಅನ್‌ಇನ್‌ಸ್ಟಾಲ್ ದಾಖಲೆ ಎರಡು ಕಡೆ ಬೀಳುತ್ತದೆ, ಒಂದನ್ನು ತೆಗೆದರೆ ಇನ್ನೊಂದು ಉಳಿಯುತ್ತದೆ. ಅಂಥವರಿಗೆ ಮೊದಲಿಂದಲೇ ಎಂಎಸ್‌ಐ ಕಟ್ಟುವ ವಿಕ್ಸ್ ಉಪಕರಣದಲ್ಲಿ ಬೇರೆ ಪ್ಯಾಕೇಜ್ ಕಟ್ಟಿ. ಆಗ ಒಂದೇ ಯಂತ್ರದಲ್ಲಿ ಎರಡೂ ಬಗೆಯ ಇನ್‌ಸ್ಟಾಲರ್ ಓಡದಂತೆ ಎರಡರಲ್ಲೂ ತಡೆ ಇರಲಿ.